ಒಂಬತ್ತನೇ ಕ್ಲಾಸಿಗೆ ವಿಪತ್ತು ಪಾಠ: ಸುನಾಮಿ ಬಾಯಿಪಾಠ, ಶಾಲೆ ಹಿಂದಿನ ಬರೆ ಲೆಕ್ಕಕ್ಕೇ ಇಲ್ಲ

ಸಮಾಜ_ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವಾರ ಒಂಬತ್ತನೇ ಕ್ಲಾಸಿಗೆ ಕಿರುಪರೀಕ್ಷೆ ಕೊಟ್ಟಿದ್ದೆ. ಸುನಾಮಿ ಎಂದರೇನು ಅಂತ ಕೇಳಿದರೆ ಎಲ್ಲರೂ ಪುಸ್ತಕದಲ್ಲಿದ್ದಂತೆ ಬರೆದಿದ್ದಾರೆ, ಒಂದು ಅಲ್ಪವಿರಾಮವೂ ತಪ್ಪಿಲ್ಲ. ಕೊನೆಗೆ ನಾನೇ ಒಂದು ಪ್ರಶ್ನೆ ಸೇರಿಸಿದ್ದೆ: "ನಿಮ್ಮ ಊರಿಗೆ ಯಾವ ವಿಪತ್ತು ಬರಬಹುದು?" ಅರ್ಧ ಕ್ಲಾಸು ಭೂಕಂಪ ಅಂದಿದೆ. ಒಬ್ಬ ಜ್ವಾಲಾಮುಖಿ ಅಂತ ಬರೆದಿದ್ದಾನೆ. ಗುಡ್ಡ ಕುಸಿತ ಅಂದವರು ಬೆರಳೆಣಿಕೆ.

ನಮ್ಮ ಶಾಲೆ ಹಿಂದೆಯೇ ಬರೆ (ನೆಟ್ಟಗೆ ಕಡಿದ ಗುಡ್ಡದ ಬದಿ) ಇದೆ. ಮೈದಾನ ಮಾಡೋಕೆ ಹಿಂದೆ ಯಾವಾಗಲೋ ಗುಡ್ಡ ಕಡಿದದ್ದು, ಎರಡಾಳು ಎತ್ತರ. ಮೇಲೆ ಕಾಫಿ ತೋಟ. ಜುಲೈ ಮಳೆಗೆ ಕೆಂಪು ನೀರು ಬಿಸಿಯೂಟದ ಅಡುಗೆಮನೆ ಬಾಗಿಲವರೆಗೆ ಬರುತ್ತದೆ. ಮಕ್ಕಳು ಅದನ್ನು ದಾಟಿಕೊಂಡೇ ತಟ್ಟೆ ತೊಳೆಯೋಕೆ ಹೋಗುತ್ತಾರೆ. ಆದರೂ ಅದು ಪಾಠದಲ್ಲಿ ಇರೋ ವಿಷಯ ಅಂತ ಅವರಿಗೆ ಅನಿಸಿಲ್ಲ.

ಪುಸ್ತಕದಲ್ಲಿ ಅಪಾಯ, ವಿಪತ್ತು, ದುರ್ಬಲತೆ, ಅಪಾಯ ತಗ್ಗಿಸುವಿಕೆ ಅಂತೆಲ್ಲ ಇದೆ. ನಾಲ್ಕೂ ಒಂದೇ ಅಲ್ವಾ ಮಿಸ್ ಅಂತ ಕೇಳುತ್ತಾರೆ. ಈ ವ್ಯತ್ಯಾಸವನ್ನು ನಮ್ಮ ಕಡೆಯದೇ ಉದಾಹರಣೆ ಇಟ್ಟುಕೊಂಡು ಹೇಗೆ ಹೇಳಿಕೊಡಲಿ? ಇನ್ನೊಂದು ವಿಷಯ. ಕ್ಲಾಸಿನಲ್ಲಿ ಕೆಲವು ಮಕ್ಕಳು 2018ರ ಗುಡ್ಡ ಕುಸಿತದಲ್ಲಿ ಮನೆ ಕಳೆದುಕೊಂಡ ಕುಟುಂಬದವರು. ಅವರಿಗೆ ನೋವಾಗಬಾರದು. ಸಿಗೋದು ಮೂರ್ನಾಲ್ಕು ಪೀರಿಯಡ್ ಮಾತ್ರ. ಏನು ಮಾಡಿಸಲಿ?

ಹಾಸನದ_ಹುಡುಗ ಉತ್ತರಿಸಿದ್ದು:

ಮೇಡಂ, ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ವಿಡಿಯೊಗಳು ಯೂಟ್ಯೂಬ್‌ನಲ್ಲಿ ತುಂಬಾ ಇವೆ, ಪ್ರೊಜೆಕ್ಟರ್ ಇದ್ದರೆ ತೋರಿಸಿ. ಜೊತೆಗೆ ಒಂದು ಅಣಕು ಕವಾಯತು ಮಾಡಿಸಿ. ಬೆಲ್ ಹೊಡೆದ ತಕ್ಷಣ ಎಲ್ಲರೂ ಡೆಸ್ಕ್ ಕೆಳಗೆ. ನಮ್ಮ ಶಾಲೆಯಲ್ಲಿ ಮಾಡಿಸಿದ್ದರು, ಮಜಾ ಇತ್ತು.

ಇಂಚು_ಸೆಂಟ್ ಉತ್ತರಿಸಿದ್ದು:

ಟೀಚರ್, ನಾನು ಮಡಿಕೇರಿ ತಾಲ್ಲೂಕಿನ ಕಾಫಿ ಬೆಳೆಗಾರ. ಸೀಮೆಸುಣ್ಣ ಹಿಡಿದವನಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಮೇಲಿನ ತಮ್ಮನಿಗೆ. ಡೆಸ್ಕ್ ಕೆಳಗೆ ನುಗ್ಗೋದು ಭೂಕಂಪಕ್ಕೆ ಸರಿ. ಬರೆ ಕೆಳಗಿರೋ ಕ್ಲಾಸ್‌ರೂಮಿನಲ್ಲಿ ಗುಡ್ಡ ಜರಿದಾಗ ಡೆಸ್ಕ್ ಕೆಳಗೆ ಕೂತರೆ ಮಣ್ಣಿನ ಕೆಳಗೆ ಕೂತ ಹಾಗೆಯೇ. ಅಲ್ಲಿ ಮಕ್ಕಳು ಹೊರಗೆ ಬರಬೇಕು, ಮಣ್ಣು ಇಳಿಯೋ ದಾರಿಗೆ ಅಡ್ಡವಾಗಿ ಪಕ್ಕಕ್ಕೆ ಓಡಬೇಕು, ಎತ್ತರದ ಜಾಗ ಹಿಡಿಯಬೇಕು. ತೋಡು, ಹೊಳೆ ಗುಂಟ ಕೆಳಕ್ಕೆ ಓಡಲೇಬಾರದು, ಕೆಸರು ಬರೋದೇ ಆ ದಾರಿಯಲ್ಲಿ. ಯಾವ ಅಪಾಯ ಅಂತ ತಿಳಿಯದೆ ಕವಾಯತು ಮಾಡಿಸಿದರೆ ಮಕ್ಕಳಿಗೆ ತಪ್ಪು ಅಭ್ಯಾಸ ಆಗುತ್ತದೆ. ಇದಕ್ಕೇ ನಿಮ್ಮ ಪಾಠ ಬೇಕಾಗಿರೋದು.

ಇನ್ನು ನಿಮ್ಮ ನಾಲ್ಕು ಪದಗಳು. ವ್ಯಾಖ್ಯಾನ ಪಕ್ಕಕ್ಕಿಡಿ. ಮಕ್ಕಳನ್ನು ಬರೆ ಎದುರು ನಿಲ್ಲಿಸಿ (ಮಳೆ ಇಲ್ಲದ ದಿನ, ದೂರದಲ್ಲಿ) ಮೂರೇ ಪ್ರಶ್ನೆ ಕೇಳಿ. ಇಲ್ಲಿಂದ ಏನು ಕೆಳಗೆ ಬರಬಹುದು? ಬಂದರೆ ಯಾರಿಗೆ ತಗಲುತ್ತದೆ? ಅವರಲ್ಲಿ ಯಾರಿಗೆ ಬೇಗ ಹೊರಡೋಕೆ ಆಗಲ್ಲ, ಯಾಕೆ? ಮೊದಲನೆಯದು ಅಪಾಯ. ಎರಡನೆಯದು ಅದರ ದಾರಿಯಲ್ಲಿ ಇರೋರು. ಮೂರನೆಯದು ದುರ್ಬಲತೆ. ಮೂರಕ್ಕೂ ಉತ್ತರ ಇದ್ದು, ಯಾರೂ ಏನೂ ಮಾಡದೆ ಕೂತಿದ್ದ ದಿನ ಬರೆ ಬಿದ್ದರೆ ವಿಪತ್ತು. ಈ ಮೂರರಲ್ಲಿ ಯಾವುದನ್ನು ಕಡಿಮೆ ಮಾಡಿದರೂ ಅದು ಅಪಾಯ ತಗ್ಗಿಸುವಿಕೆ. ಅಡುಗೆಮನೆಯನ್ನು ಮೈದಾನದ ಆ ಕಡೆಗೆ ಸಾಗಿಸಿದರೆ ಗುಡ್ಡ ಇದ್ದಲ್ಲೇ ಇರುತ್ತದೆ, ಆದರೆ ಮಧ್ಯಾಹ್ನದ ಹೊತ್ತು ಅದರ ಕೆಳಗೆ ಯಾರೂ ಇರಲ್ಲ. ಮಕ್ಕಳಿಗೆ ಇಷ್ಟು ಸಾಕು.

ಮಳೆಯನ್ನೇ ವಿಪತ್ತು ಅಂತ ಬರೆದರೆ ನಾನಂತೂ ಮಾರ್ಕ್ಸ್ ಕೊಡಲ್ಲ. ಕೊಡಗಿಗೆ ಮಳೆ ಹೊಸದಾ? 2018ರಲ್ಲಿ ಒಂದೇ ಮಳೆಗೆ ಒಂದು ಗುಡ್ಡ ಜರಿಯಿತು, ಪಕ್ಕದ್ದು ನಿಂತಿತ್ತು. ಆ ವರ್ಷ ಜುಲೈನಲ್ಲಿ ಒಂದು ಸಣ್ಣ ಕಂಪನ ಆಗಿತ್ತು, 3.4 ತೀವ್ರತೆಯದು. ಸುಮಾರು ಜನ ಎಲ್ಲಾ ಅದರ ತಲೆಗೆ ಕಟ್ಟಿದರು. ಭೂಕಂಪದ ಮೇಲೆ ಹಾಕಿದರೆ ಜೆಸಿಬಿ ತರಿಸಿದವರಿಗೆ ನಿರಾಳ ನೋಡಿ! ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿ, ವಿಪರೀತ ಮಳೆಯ ಜೊತೆಗೆ ರಸ್ತೆಗೆ, ಮನೆಗೆ, ಹೋಂಸ್ಟೇಗೆ ಅಂತ ಇಳಿಜಾರನ್ನು ಮನಸ್ಸಿಗೆ ಬಂದಂತೆ ಕಡಿದದ್ದರ ಕಡೆಗೇ ಬೆರಳು ತೋರಿಸಿದರು.

ಒಳಗೆ ನಡೆಯೋದು ಇಷ್ಟು. ನಮ್ಮ ಗುಡ್ಡಗಳಲ್ಲಿ ಮೇಲೆ ಕಳಿತ ಬಂಡೆಯ ದಪ್ಪ ಮಣ್ಣು, ಅಡಿಯಲ್ಲಿ ಗಟ್ಟಿ ಬಂಡೆ. ಜೂನ್‌ನಿಂದ ಬಿದ್ದ ನೀರು ಮಣ್ಣಿನೊಳಗೆ ಇಳಿಯುತ್ತದೆ, ಬಂಡೆ ಸಿಕ್ಕಲ್ಲಿ ನಿಲ್ಲುತ್ತದೆ. ಮಣ್ಣಿನ ಭಾರ ಏರುತ್ತದೆ. ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಹೆಚ್ಚಾಗಿ ಅವುಗಳ ಹಿಡಿತ ಸಡಿಲವಾಗುತ್ತದೆ. ಆಗಲೂ ಗುಡ್ಡ ತನ್ನ ಬುಡದ ಮೇಲೆ ನಿಂತಿರುತ್ತದೆ. ಆ ಬುಡವನ್ನೇ ನಾವು ಹಿಟಾಚಿ ತಂದು ನೆಟ್ಟಗೆ ಕಡಿದಿರುತ್ತೇವೆ. ಮೇಲಿನ ನೀರು ಹರಿದು ಹೋಗೋ ಕಣಿಗೆ ಮಣ್ಣು ತುಂಬಿ ಪಾರ್ಕಿಂಗ್ ಮಾಡಿರುತ್ತೇವೆ. ಆಗಸ್ಟ್‌ನಲ್ಲಿ ಒಂದು ಜೋರು ಮಳೆ ಬಂದರೆ ಮುಗಿಯಿತು.

ತೋಟದವರ ಮಕ್ಕಳು ಕೇಳಬಹುದು, ಕಾಫಿ ಸಾಲಿನ ನಡುವೆ ನೀರು ನಿಲ್ಲಿಸೋ ತೊಟ್ಟಿಲು ಗುಂಡಿ ತೆಗೆಯೋದು ಒಳ್ಳೆಯದಲ್ವಾ ಅಂತ. ಸಾಧಾರಣ ಇಳಿಜಾರಿನಲ್ಲಿ ಒಳ್ಳೆಯದೇ, ನೀರು ಇಂಗುತ್ತದೆ, ಮಣ್ಣು ಉಳಿಯುತ್ತದೆ. ಕಡಿದಾದ ಜಾಗದಲ್ಲಿ, ಅದೂ ಕೆಳಗೆ ಬರೆ ಕಡಿದು ಮನೆ ಕಟ್ಟಿದ್ದರೆ, ನೀರನ್ನು ಇಂಗಿಸಬಾರದು, ಆದಷ್ಟು ಬೇಗ ಹೊರಗೆ ಸಾಗಿಸಬೇಕು.

ಗುಡ್ಡ ಮುಂಚೆಯೇ ಹೇಳುತ್ತದೆ, ಬಹಳ ಸಲ. ಅಂಗಳದಲ್ಲಿ ಬಿರುಕು. ಮೇಲಿನ ತೋಟದಲ್ಲಿ ಅರ್ಧಚಂದ್ರದ ಆಕಾರದ ಬಿರುಕು ಕಂಡರೆ ಅದು ಇನ್ನೂ ಕೆಟ್ಟದ್ದು. ಎಂದೂ ಇಲ್ಲದ ಕಡೆ ಜಲ ಏಳುತ್ತದೆ. ತಿಳಿಯಾಗಿದ್ದ ತೋಡು ಕೆಂಪಾಗುತ್ತದೆ, ಇಲ್ಲಾ ಮಳೆ ಸುರಿಯುತ್ತಿದ್ದರೂ ದಿಢೀರಂತ ನೀರು ಕಡಿಮೆಯಾಗುತ್ತದೆ, ಅಂದರೆ ಮೇಲೆ ಎಲ್ಲೋ ಮಣ್ಣು ಬಿದ್ದು ಕಟ್ಟಿಕೊಂಡಿದೆ. ಸಿಲ್ವರ್ ಓಕ್ ಮರ, ಕರೆಂಟ್ ಕಂಬ ವಾಲುತ್ತವೆ. ನಿನ್ನೆವರೆಗೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ.

ನಮ್ಮ ಲೈನ್ ಮನೆ (ತೋಟದ ಕೂಲಿಯವರ ಸಾಲು ಮನೆ) ಹಿಂದೆ ಒಂದು ಬಿರುಕು ಇತ್ತು, ಬೆರಳು ಹೋಗುವಷ್ಟು. ಅದರ ಆಚೆ ಒಂದು ಈಚೆ ಒಂದು ಕಬ್ಬಿಣದ ಗೂಟ ಹೊಡೆದು, ದಿನಾ ಬೆಳಗ್ಗೆ ಟೇಪ್ ಹಿಡಿದು ನಡುವಿನ ಅಂತರ ಬರೆದಿಡುತ್ತಿದ್ದೆವು. ಮೇಲೆ ಟಾರ್ಪಾಲು, ಸುತ್ತ ನೀರು ತಿರುಗಿಸೋಕೆ ಕಣಿ. ಕೂಲಿ ಮಾಡುವ ಹೆಂಗಸೊಬ್ಬಳು ಒಂದು ಬೆಳಗ್ಗೆ "ಅಣ್ಣಾ, ಟೇಪ್ ಬೇಡ, ಬಿರುಕಲ್ಲಿ ನನ್ನ ಕೈಯೇ ಹೋಗ್ತಿದೆ" ಅಂದಳು. ಮಧ್ಯಾಹ್ನದೊಳಗೆ ಲೈನ್ ಖಾಲಿ ಮಾಡಿ ಎಲ್ಲರನ್ನೂ ಕಾಫಿ ಗೋದಾಮಿಗೆ ಕರೆತಂದೆವು. ಬರೆ ಆ ವರ್ಷ ಬೀಳಲಿಲ್ಲ, ಮುಂದಿನ ಮಳೆಗಾಲ ಅರ್ಧ ಬಿತ್ತು. ಆ ವರ್ಷ ನೆಂಟರು ನಕ್ಕಿದ್ದು ನಿಜ. ನಗಲಿ ಬಿಡಿ.

ನಮ್ಮ ಹಿರಿಯರಿಂದ ಕಲಿಯಬೇಕಾದ್ದು ಮಳೆ ಪುಸ್ತಕ. ಕೊಡಗಿನ ತೋಟಗಳಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟ್‌ನಲ್ಲಿ ಬರೆಯುತ್ತಾರೆ. ನೂರು ಸೆಂಟ್‌ಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಗೆ 64.5 ಮಿಮೀ ದಾಟಿದರೆ ಭಾರಿ, 115.6 ದಾಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ನಮ್ಮ ಭಾಷೆಯಲ್ಲಿ ಎರಡೂವರೆ ಇಂಚು, ನಾಲ್ಕೂವರೆ, ಎಂಟು. ಟಿವಿಯಲ್ಲಿ ರೆಡ್ ಅಲರ್ಟ್ ಅಂದಾಗ ಮಕ್ಕಳಿಗೆ ಈ ಎಂಟು ಇಂಚು ಕಣ್ಣಿಗೆ ಕಟ್ಟಬೇಕು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಮೀ ಮಳೆ ಅಂದರೆ ಒಂದು ಲೀಟರ್ ನೀರು. ಹಾಗಾದರೆ ಎಂಟು ಇಂಚಿಗೆ ಒಂದು ಎಕರೆ ಗುಡ್ಡದ ಮೇಲೆ ಎಷ್ಟು ಲೀಟರ್? ಗಣಿತ ಮೇಷ್ಟ್ರಿಗೆ ಕೊಡಿ ಈ ಲೆಕ್ಕ. ಎಂಟು ಲಕ್ಷ ಲೀಟರ್ ದಾಟುತ್ತದೆ.

ಊರಿನ ಅಳತೆ ಯಾಕೆ ಬೇಕು ಅಂದರೆ ವಯನಾಡು ನೋಡಿ. 2024ರ ಜುಲೈ 30, ನಡುರಾತ್ರಿ ಮೀರಿದ ಮೇಲೆ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಮುಂಚಿನ ಎರಡು ದಿನದಲ್ಲಿ ಅಲ್ಲಿ 570 ಮಿಮೀ ಮೀರಿ ಮಳೆಯಾಗಿತ್ತು. ಕಲ್ಪೆಟ್ಟದ ಹ್ಯೂಮ್ ಪರಿಸರ ಅಧ್ಯಯನ ಕೇಂದ್ರದವರು ಊರೂರಲ್ಲಿ ಮಳೆಮಾಪಕ ಇಡಿಸಿ ಲೆಕ್ಕ ತೆಗೆದುಕೊಳ್ಳುತ್ತಾರೆ. ಅವರು ಹಿಂದಿನ ದಿನವೇ ಎಚ್ಚರಿಸಿದ್ದರು. ದೂರದ ಮುನ್ಸೂಚನೆ ಜಿಲ್ಲೆಗೆ ಒಂದು ಬಣ್ಣ ಹೇಳುತ್ತದೆ, ನಿಮ್ಮ ಬರೆಯ ಮೇಲೆ ಎಷ್ಟು ಬಿತ್ತು ಅಂತ ಹೇಳಲ್ಲ.

ಯಾರಿಗೆ ತಗಲುತ್ತದೆ ಅನ್ನೋದಕ್ಕೆ ಶಿರೂರು ಒಂದೇ ಸಾಕು. ಅಂಕೋಲಾ ತಾಲ್ಲೂಕು, 2024ರ ಜುಲೈ 16. ಹೆದ್ದಾರಿ ಅಗಲ ಮಾಡೋಕೆ ಕಡಿದ ಗುಡ್ಡ, ಅದರ ಬುಡದಲ್ಲಿ ರಸ್ತೆ, ರಸ್ತೆಗೆ ಅಂಟಿಕೊಂಡು ಚಹಾ ಅಂಗಡಿ, ಆಚೆ ಗಂಗಾವಳಿ ಹೊಳೆ. ಅಂಗಡಿ ನಡೆಸುತ್ತಿದ್ದ ಕುಟುಂಬ ಹೋಯಿತು, ಲಾರಿ ನಿಲ್ಲಿಸಿಕೊಂಡಿದ್ದವರು ಹೋದರು. ಮಣ್ಣು ಹೊಳೆಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆ ಊರಿನ ಮನೆಗಳನ್ನೂ ಹೊಡೆಯಿತು. ಬೋರ್ಡ್ ಮೇಲೆ ಈ ಚಿತ್ರ ಬರೆಸಿ, ಯಾರು ಯಾರು ದಾರಿಯಲ್ಲಿದ್ದರು ಅಂತ ಮಕ್ಕಳೇ ಗುರುತು ಹಾಕಲಿ. ಆಚೆ ದಡದವರನ್ನು ಎಷ್ಟು ಮಕ್ಕಳು ಗುರುತಿಸುತ್ತಾರೆ ನೋಡಿ.

ಮನೆ ಕಳೆದುಕೊಂಡ ಮಕ್ಕಳ ವಿಷಯ. ದಯವಿಟ್ಟು ಅವರನ್ನು ಎಬ್ಬಿಸಿ ನಿಲ್ಲಿಸಿ ಅನುಭವ ಹೇಳು ಅನ್ನಬೇಡಿ. ಹೇಳಬೇಕು ಅನಿಸಿದರೆ ಅವರೇ ಹೇಳುತ್ತಾರೆ. ಜೋಡುಪಾಲದ ಫೋಟೊ ತೋರಿಸೋ ಬದಲು ಶಿರೂರಿನದು ತೋರಿಸಿ.

ಮಲಪ್ರಭಾ_ದಂಡೆ ಉತ್ತರಿಸಿದ್ದು:

ಮೇಲಿನ ಹಿರಿಯರು ಹೇಳಿದ ಮೂರು ಪ್ರಶ್ನೆ ನಮ್ಮ ಕಡೆಗೂ ಹೊಂದುತ್ತವೆ ರೀ. ನಾನು ಬಾದಾಮಿ ತಾಲ್ಲೂಕಿನವನು. ನಮಗೆ ಗುಡ್ಡದ ಚಿಂತೆ ಇಲ್ಲ, ಹೊಳೆಯದು.

2009ರಲ್ಲಿ ನೆರೆ ಬಂತು. ಆಮೇಲೆ ಸರ್ಕಾರ ಊರಿನಿಂದ ದೂರ, ಎತ್ತರದಲ್ಲಿ ಆಸರೆ ಮನೆ ಕಟ್ಟಿಸಿ ಕೊಟ್ಟಿತು. ಎಷ್ಟೋ ಜನ ಹೋಗಲೇ ಇಲ್ಲ. ಹೋದವರಲ್ಲೂ ಕೆಲವರು ವಾಪಸ್ ಬಂದರು. 2019ರ ಆಗಸ್ಟ್‌ನಲ್ಲಿ ಮತ್ತೆ ನೀರು ಬಂದಾಗ ಹಳೇ ಮನೆಯಲ್ಲೇ ಇದ್ದರು. ಪೇಪರಿನವರು "ಜನ ಮಾತು ಕೇಳಲಿಲ್ಲ" ಅಂತ ಬರೆದರು. ಸುಮ್ನೆ ಬರೆಯೋದು ಸುಲಭ. ನಮ್ಮ ಕಾಕಾನಿಗೆ ಎರಡು ಎತ್ತು, ಒಂದು ಎಮ್ಮೆ. ಆಸರೆ ಮನೆಯಲ್ಲಿ ಕೊಟ್ಟಿಗೆ ಇಲ್ಲ, ಮೇವು ಒಟ್ಟೋಕೆ ಜಾಗ ಇಲ್ಲ, ಹೊಲ ದೂರ. ಆತ ಎಲ್ಲಿ ಇರಬೇಕು ಹೇಳ್ರಿ? ದುರ್ಬಲತೆ ಅಂದರೆ ಬಡತನ ಅಂತ ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ. ನಮ್ಮ ಕಡೆ ಅದಕ್ಕೆ ಎಮ್ಮೆಯ ಮುಖ ಇದೆ. ನೀರು ಬಂದ ರಾತ್ರಿ ಎಮ್ಮೆಯ ಹಗ್ಗ ಬಿಚ್ಚೋಕೆ ವಾಪಸ್ ಹೋದವರೇ ಸಿಕ್ಕಿಹಾಕಿಕೊಳ್ಳುತ್ತಾರೆ.

ನೀರು ನವಿಲುತೀರ್ಥ ಡ್ಯಾಂನಿಂದ ಬಿಟ್ಟಾಗ ನಮಗೆ ಬರೋಕೆ ಸಮಯ ಹಿಡಿಯುತ್ತದೆ. ಅಂದರೆ ಇಲ್ಲಿ ಎಚ್ಚರಿಕೆಗೆ ಅವಕಾಶ ಇದೆ. ಆದರೆ ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ಡಂಗುರ ಸಾರಿದರೆ ಯಾರಿಗೆ ತಿಳಿಯಬೇಕು? ನಮ್ಮ ಓಣಿಯ ಹುಡುಗರು ಒಂದು ಕೆಲಸ ಮಾಡಿದರು. ಹನುಮಪ್ಪನ ಗುಡಿ ಗೋಡೆಗೆ 2009ರ ನೀರು ಎಲ್ಲಿವರೆಗೆ ಬಂದಿತ್ತೋ ಅಲ್ಲಿ ಒಂದು ಪೇಂಟ್ ಗೆರೆ, 2019ರದಕ್ಕೆ ಇನ್ನೊಂದು. ಮುಂದಿನ ಸಲ ಡ್ಯಾಂ ಗೇಟು ತೆಗೆದಾಗ "ಗುಡಿ ಮೊದಲನೇ ಗೆರೆಗೆ ಬರುತ್ತದಂತೆ" ಅಂದರೆ ಮುದುಕಿಯರಿಗೂ ತಿಳಿಯುತ್ತದೆ. ಮಕ್ಕಳ ಕೈಯಲ್ಲಿ ಆಗುವ ಕೆಲಸ ಇದು.

ಇನ್ನೊಂದು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಮನೆ ನೀರಿದ್ದಾಗ ನಿಂತಿರುತ್ತದೆ, ನೀರು ಇಳಿದು ಬಿಸಿಲು ಬಿದ್ದ ಮೇಲೆ ಕುಸಿಯುತ್ತದೆ. ನೀರು ಹೋಯಿತು ಅಂತ ಒಳಗೆ ಹೋಗಿ ಮಲಗಬಾರದು. ಪಹಣಿ, ರೇಷನ್ ಕಾರ್ಡ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಇರಲಿ. ಪರಿಹಾರಕ್ಕೆ, ಮನೆ ಎಷ್ಟು ಹಾಳಾಗಿದೆ ಅನ್ನೋದರ ಮೇಲೆ ಎ ಕೆಟಗರಿ, ಬಿ ಕೆಟಗರಿ ಅಂತ ಓಡಾಡುವಾಗ ಅದರ ಬೆಲೆ ತಿಳಿಯುತ್ತದೆ.

ಆಳಂದ_ಕಡೆಯವ ಉತ್ತರಿಸಿದ್ದು:

ನಿಮ್ಮ ಮಕ್ಕಳು ಭೂಕಂಪ ಅಂತ ಬರೆದದ್ದನ್ನು ಪೂರ್ತಿ ತಳ್ಳಿಹಾಕಬೇಡಿ ಮೇಡಂ, ಅದರಿಂದಲೂ ಪಾಠ ಮಾಡಬಹುದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ಆದಾಗ ನಾನು ಹೈಸ್ಕೂಲಿನಲ್ಲಿದ್ದೆ. ಗಡಿ ದಾಟಿದರೆ ಆ ಊರುಗಳು. ಹಿಂದಿನ ರಾತ್ರಿ ಗಣಪತಿ ಕಳಿಸಿ ಜನ ತಡವಾಗಿ ಮಲಗಿದ್ದರು. ತೀವ್ರತೆ 6.2ರ ಆಸುಪಾಸು. ಸತ್ತವರು ಹತ್ತು ಸಾವಿರದಷ್ಟು. 2010ರಲ್ಲಿ ಚಿಲಿ ದೇಶದಲ್ಲಿ 8.8ರ ಭೂಕಂಪ ಆಯಿತು, ಸಾವಿರಾರು ಪಟ್ಟು ಹೆಚ್ಚು ಶಕ್ತಿಯದು. ಅಲ್ಲಿ ಸತ್ತವರು ಐನೂರರ ಆಸುಪಾಸು.

ಯಾಕೆ? ಕಿಲ್ಲಾರಿಯಲ್ಲಿ ದಪ್ಪ ಕಲ್ಲಿನ ಗೋಡೆ, ನಡುವೆ ಬರೀ ಮಣ್ಣು, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪಾಗಿರಲಿ ಅಂತ ಕಟ್ಟಿದ್ದು. ಚಿಲಿಯಲ್ಲಿ ಕಟ್ಟಡ ನಿಯಮ ಬಿಗಿ. ಒಡಿಶಾದ್ದೂ ಹೀಗೇ: 1999ರ ಮಹಾ ಚಂಡಮಾರುತಕ್ಕೆ ಹತ್ತು ಸಾವಿರದಷ್ಟು ಜನ ಬಲಿ, 2013ರಲ್ಲಿ ಫೈಲಿನ್ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸಾವು ಐವತ್ತರೊಳಗೆ. ಈ ಅಂಕಿಗಳನ್ನು ಬೋರ್ಡ್ ಮೇಲೆ ಪಕ್ಕ ಪಕ್ಕ ಬರೆದು ಸುಮ್ಮನೆ ನಿಂತುಬಿಡಿ, ಮಕ್ಕಳೇ ಕೇಳುತ್ತಾರೆ.

ಸಿಡಿಲನ್ನೂ ಸೇರಿಸಿ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಕುರಿ ಕಾಯುವವರು ಮರದ ಕೆಳಗೆ ನಿಂತು ಸಾಯುತ್ತಾರೆ. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿದರೆ ಆಟ ನಿಲ್ಲಿಸಿ ಒಳಗೆ.

ಸಮಾಜ_ಟೀಚರ್ ಉತ್ತರಿಸಿದ್ದು:

ಎಲ್ಲರಿಗೂ ಧನ್ಯವಾದ. ಮೊದಲನೇ ಪೀರಿಯಡ್ ಬರೆ ಎದುರಲ್ಲೇ ಅಂತ ತೀರ್ಮಾನ ಮಾಡಿದ್ದೇನೆ. ಅಡುಗೆಮನೆ ವಿಷಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇಡುತ್ತೇನೆ, ಮಕ್ಕಳೇ ನಕ್ಷೆ ಬರೆದು ತಂದರೆ ಹಿರಿಯರು ಬೇಗ ಒಪ್ಪುತ್ತಾರೆ ಅಂತ ಒಂದು ಲೆಕ್ಕಾಚಾರ. ತುರ್ತು ಕರೆಯ 112, ಜಿಲ್ಲಾ ಕಂಟ್ರೋಲ್ ರೂಮಿನ 1077, ಎರಡನ್ನೂ ಗೋಡೆಗೆ ಬರೆಸುತ್ತೇನೆ.

ಇಂಚು_ಸೆಂಟ್ ಅವರೇ, ಮಳೆಮಾಪಕ ಕೊಳ್ಳೋಕೆ ದುಡ್ಡಿಲ್ಲ. ಮಕ್ಕಳೇ ಮಾಡಬಹುದಾ? ಶಾಲೆ ಟೆರೇಸ್ ಮೇಲೆ ಇಟ್ಟರೆ ನಡೆಯುತ್ತಾ?

ಇಂಚು_ಸೆಂಟ್ ಉತ್ತರಿಸಿದ್ದು:

ಟೆರೇಸ್ ಬೇಡ ಟೀಚರ್, ಗಾಳಿಗೆ ಮಳೆ ಓರೆಯಾಗಿ ಹಾರಿಹೋಗುತ್ತದೆ, ಅಳತೆ ಕಡಿಮೆ ಬರುತ್ತದೆ. ಮೈದಾನದ ನಡುವೆ, ಮರ ಗೋಡೆಗಳಿಂದ ದೂರ, ಒಂದು ಗೂಟಕ್ಕೆ ಕಟ್ಟಿ. ಎರಡು ಲೀಟರ್ ಜ್ಯೂಸ್ ಬಾಟಲಿ ಸಾಕು, ಮೈ ನೇರವಾಗಿರಬೇಕು ಅಷ್ಟೇ. ಕುತ್ತಿಗೆ ಭಾಗ ಕತ್ತರಿಸಿ ತಲೆಕೆಳಗಾಗಿ ಬಾಯಿಗೆ ಕೂರಿಸಿದರೆ ಅದೇ ಆಲಿಕೆ. ತಳ ಏರುಪೇರು ಇರುತ್ತದಲ್ಲ, ಸಣ್ಣ ಕಲ್ಲು ಹಾಕಿ, ಮೈ ನೇರವಾಗೋ ಮಟ್ಟದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗೆರೆ ಎಳೆಯಿರಿ. ಹೊರಗೆ ಸ್ಕೇಲ್ ಅಂಟಿಸಿ. ಬೆಳಗ್ಗೆ ಎಂಟೂವರೆಗೆ ಓದಿ, ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಓದೋದು. ಓದಿದ ಮೇಲೆ ಚೆಲ್ಲಿ, ಮತ್ತೆ ಸೊನ್ನೆವರೆಗೆ ನೀರು. ಜುಲೈನಲ್ಲಿ ನಮ್ಮ ಮಳೆಗೆ ಬಾಟಲಿ ತುಂಬಿ ಹರಿಯಬಹುದು, ಆಗ ಸಂಜೆಯೂ ಒಂದು ಸಲ ಓದಿ ಎರಡನ್ನೂ ಕೂಡಿಸಿ.

ಒಂದು ತೊಡಕಿದೆ. ಜಿಲ್ಲಾಧಿಕಾರಿ ರಜೆ ಕೊಡೋದೇ ಜೋರು ಮಳೆಯ ದಿನ. ಶಾಲೆಯ ಬಾಟಲಿ ಓದೋಕೆ ಅವತ್ತು ಯಾರೂ ಇರಲ್ಲ, ನಮಗೆ ಬೇಕಾದ ಅಂಕಿ ಅವತ್ತಿನದೇ. ಹಾಗಾಗಿ ಬೇರೆ ಬೇರೆ ಕಡೆಯಿಂದ ಬರುವ ನಾಲ್ಕೈದು ಮಕ್ಕಳ ಮನೆ ಅಂಗಳದಲ್ಲೂ ಒಂದೊಂದು ಇಡಿಸಿ. ಅಂಕಿ ವಾಟ್ಸ್ಯಾಪ್‌ನಲ್ಲಿ ನಿಮಗೆ ಬರಲಿ. ಕರೆಂಟ್ ಹೋಗಿ ನೆಟ್‌ವರ್ಕ್ ಸತ್ತರೆ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಲಿ. ಮೇ ಕೊನೆಯೊಳಗೆ ಬಾಟಲಿ ಕಟ್ಟಿಬಿಡಿ, ಮೊದಲ ಮಳೆಯ ಲೆಕ್ಕ ತಪ್ಪಬಾರದು.